ಹಿತ್ತಲ ಗೇಟು ತೆರೆಯುವ ದಿಕ್ಕು

ಮನುಷ್ಯಕುಲವನ್ನು ಕಾಡಿದ ಕೆಲವು ಪ್ರಶ್ನೆಗಳಿಗೆ ಬಹಳ ತೂಕವಿದೆ. ಸೂರ್ಯ ಸುತ್ತುತ್ತಾನೋ ಭೂಮಿ ಸುತ್ತುತ್ತದೋ, ರಾಜ ದೊಡ್ಡವನೋ ಕಾನೂನು ದೊಡ್ಡದೋ, ಇಂಥವು. ಇದೇ ಸಾಲಿನಲ್ಲಿ ನಿಲ್ಲಬೇಕಾದ ಇನ್ನೊಂದು ಪ್ರಶ್ನೆ ಕಳೆದ ಬೇಸಿಗೆಯಲ್ಲಿ ಮಿಲ್ಡೂರಾ ಎಂಬ ನಮ್ಮ ಊರಿನ ಬೀದಿಯಲ್ಲಿ ಎದ್ದಿತು. ಎರ್ಸಿಲಿಯಾ ಕೊಂಡೆಲ್ಲೊಳ ಹಿತ್ತಲ ಗೇಟು ಯಾವ ಕಡೆಗೆ ತೆರೆಯಬೇಕು? ಈ ಪ್ರಶ್ನೆಗಾಗಿ ಮೊದಲು ಹೇಳಿದವುಗಳ ಹಾಗೆ ಯಾರನ್ನೂ ಸುಡಲಿಲ್ಲ, ಯಾರ ತಲೆಯನ್ನೂ ತೆಗೆಯಲಿಲ್ಲ. ಆದರೆ ಎರಡು ಮನೆಗಳಲ್ಲಿ ಅನ್ನ ಇಳಿಯದೆ ಹೋದದ್ದನ್ನು ನಾನೇ ನೋಡಿದ್ದೇನೆ. ಅನ್ನವೆಂದರೆ ಒಂದು ಮನೆಯಲ್ಲಿ ಪಾಸ್ತಾ, ಇನ್ನೊಂದರಲ್ಲಿ ಕುರಿಮಾಂಸದ ತುಂಡು ಮತ್ತು ಬೇಯಿಸಿದ ಆಲೂಗಡ್ಡೆ.

ಎರ್ಸಿಲಿಯಾ ನನ್ನ ಪಕ್ಕದ ಮನೆಯವಳು. ಅವಳ ಹಿತ್ತಲಿಗೆ ಬೆನ್ನು ಕೊಟ್ಟು, ಆಚೆಯ ಬೀದಿಗೆ ಮುಖ ಮಾಡಿ, ಹ್ಯಾಚರ್ಡ್ ದಂಪತಿಗಳ ಮನೆಯಿದೆ: ಕ್ಲೈವ್ ಮತ್ತು ನೊರೀನ್. ಎರಡು ಹಿತ್ತಲುಗಳ ನಡುವೆ ಆಳೆತ್ತರದ ಹಲಗೆ ಬೇಲಿ. ಆ ಬೇಲಿಯಲ್ಲೊಂದು ಸಣ್ಣ ಗೇಟು. ಎರ್ಸಿಲಿಯಾಳ ಗಂಡ ಕಾರ್ಮೆಲೊ ಬದುಕಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಅವನೂ ಕ್ಲೈವೂ ಸೇರಿ ಬಿಯರಿನ ಧೈರ್ಯದಲ್ಲಿ ಬೇಲಿ ಕೊಯ್ದು ಅದನ್ನು ಕೂರಿಸಿದ್ದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಸುತ್ತು ಹಾಕಿ ಬರಬೇಕಾದರೆ ಇಡೀ ಬಡಾವಣೆಯ ಬಿಸಿಲು ನೆತ್ತಿಯ ಮೇಲೆ. ಗೇಟು ಬಂದ ಮೇಲೆ ಈ ಕಡೆಯಿಂದ ಬದನೆಕಾಯಿ, ತುಳಸಿ, ಅಂಜೂರ ಆ ಕಡೆಗೂ, ಆ ಕಡೆಯಿಂದ ಕೇಕು, ಹಳೆಯ ವಾರಪತ್ರಿಕೆ, ಹವಾಮಾನದ ಸುದ್ದಿ ಈ ಕಡೆಗೂ ಸುಂಕವಿಲ್ಲದೆ ಸಾಗುತ್ತಿದ್ದವು.

ಆಮೇಲೆ ಕಾರ್ಮೆಲೊ ಮೊಮ್ಮಕ್ಕಳಿಗಾಗಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ. ಮೊಮ್ಮಕ್ಕಳು ಬೆಳೆದು ಹೋದರು. ಕಾರ್ಮೆಲೊ ತೀರಿಕೊಂಡ. ಕೊಳ ಉಳಿಯಿತು. ಎರ್ಸಿಲಿಯಾ ನೀರಿಗೆ ಇಳಿಯುವವಳಲ್ಲ. ಅವಳ ಹುಟ್ಟೂರು ಕಡಲಾಚೆ, ಕಲಾಬ್ರಿಯಾದ ಬೆಟ್ಟದ ಮೇಲಿತ್ತು. ಅಲ್ಲಿಂದ ಸಮುದ್ರ ಕಾಣಿಸುತ್ತಿತ್ತು, ಅಷ್ಟು ಸಾಕಾಗಿತ್ತು ಎನ್ನುತ್ತಾಳೆ. ಹಾಗಿದ್ದೂ ಅವಳು ಕೊಳವನ್ನು ಮುಚ್ಚಿಸಲಿಲ್ಲ. ಮುಚ್ಚಿಸದಿದ್ದುದು ಒಳ್ಳೆಯದಾಯಿತು. ಏಕೆಂದರೆ ಹೋದ ಚಳಿಗಾಲದಲ್ಲಿ ನೊರೀನಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ದಿನಾ ನೀರಿನಲ್ಲಿ ನಡೆದರೆ ಕಾಲು ಬಗ್ಗುತ್ತದೆ, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ ಎಂದರು ಮೂಳೆ ಡಾಕ್ಟರು. ಅಡಿಲೇಡಿನಲ್ಲಿರುವ ಮಗಳು ಜನೆಲ್ ಇನ್ನೊಂದು ಮಾತು ಸೇರಿಸಿದಳು: ಈಸ್ಟರ್ ಹೊತ್ತಿಗೆ ಅಮ್ಮ ಸರಿಯಾಗಿ ನಡೆಯದಿದ್ದರೆ ಮನೆ ಮಾರಿ ತನ್ನ ಹತ್ತಿರದ ವೃದ್ಧರ ವಸತಿಯಲ್ಲಿ ಒಂದು ಕೋಣೆ ಹಿಡಿಯುವುದು. ಕ್ಲೈವ್ ‘ನೋಡೋಣ’ ಎಂದಿದ್ದ. ಮಕ್ಕಳ ಮಾತಿಗೆ ಕ್ಲೈವ್ ನೋಡೋಣ ಎಂದರೆ ಒಪ್ಪಿದ ಹಾಗೆಯೇ.

ಊರಿನ ಸಾರ್ವಜನಿಕ ಕೊಳ ಇದೆಯಲ್ಲ ಎನ್ನಬಹುದು. ನೊರೀನಳ ಈಜುಡುಗೆಯನ್ನು ಕಂಡ ಕಣ್ಣುಗಳು ಎರಡು ಜೊತೆ ಮಾತ್ರ: ದೇವರದ್ದು, ಎರ್ಸಿಲಿಯಾಳದ್ದು. ಮೂರನೆಯವರಿಗೆ ಅವಕಾಶ ಕೊಡುವ ಮನಸ್ಸು ಅವಳಿಗಿರಲಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಗೇಟು ದಾಟಿ ಎರ್ಸಿಲಿಯಾಳ ಕೊಳಕ್ಕೇ ಬರುತ್ತಿದ್ದಳು. ನಾನು ಬೆಳಗಿನ ಹೊತ್ತು ಆ ಕಡೆಯ ಕಿಟಕಿಯ ಪರದೆ ಎಳೆದೇ ಇಡುತ್ತಿದ್ದೆ. ಕಿವಿಗೆ ಪರದೆ ಇಲ್ಲದ್ದರಿಂದ ಮಾತು ಕೇಳಿಸುತ್ತಿತ್ತು.

“ಹನ್ನೊಂದು ಸುತ್ತು,” ಎನ್ನುತ್ತಿದ್ದಳು ನೊರೀನ್, ನೀರೊಳಗಿನಿಂದ.

“ಆ ಫಾರ್ಮಸಿಯವಳು ಮತ್ತೆ ಬಸುರಿಯಂತೆ ಕಣೆ,” ಎನ್ನುತ್ತಿದ್ದಳು ದಡದಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಬಿಡಿಸುವ ಎರ್ಸಿಲಿಯಾ.

“ಹೌದಾ! ಯಾರು, ಆ ಉದ್ದ ಜಡೆಯವಳಾ? ಅಯ್ಯೋ, ಎಷ್ಟಾಯ್ತು ನಂದು?”

“ಹದಿನೈದು.”

“ಅಷ್ಟಾಯ್ತಾ?”

“ಆಯ್ತು ಬಾ, ಕಾಫಿ ಆರುತ್ತೆ.”

ಹೀಗೆ ಎರ್ಸಿಲಿಯಾಳ ಲೆಕ್ಕದಲ್ಲಿ ನೊರೀನಳ ಕಾಲು ಬೇಗ ಬೇಗ ಗುಣವಾಗುತ್ತಿತ್ತು. ನಿಜವಾಗಿಯೂ ಆಗುತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ, ಅಂದರೆ ನಮ್ಮ ಬೇಸಿಗೆಯಲ್ಲಿ, ಅವಳು ನಾಲ್ಕು ಕಾಲಿನ ನಡೆಗೋಲಿನ ಚೌಕಟ್ಟು ಬಿಟ್ಟು ಕೈಕೋಲಿಗೆ ಇಳಿದಿದ್ದಳು.

ಇಷ್ಟರಲ್ಲಿ ನಗರಸಭೆಯಿಂದ ಕಾಗದ ಬಂತು. ಮನೆಯಲ್ಲಿ ಈಜುಕೊಳವೋ ಬಿಸಿನೀರ ತೊಟ್ಟಿಯೋ ಇಟ್ಟುಕೊಂಡವರೆಲ್ಲ ಅದರ ಸುತ್ತಲ ತಡೆಬೇಲಿಯನ್ನು ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಎರ್ಸಿಲಿಯಾ ಕಾಗದವನ್ನು ನನ್ನ ಕೈಗೆ ಕೊಟ್ಟು, “ಓದಪ್ಪ, ನನ್ನನ್ನ ಜೈಲಿಗೆ ಹಾಕ್ತಾರಾ?” ಎಂದಳು. ಅವಳಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಸರಕಾರಿ ಕಾಗದವನ್ನು ಮಾತ್ರ ಬೇರೆಯವರ ಬಾಯಲ್ಲಿ ಕೇಳಿದರೆ ಅದರ ವಿಷ ಅರ್ಧ ಇಳಿಯುತ್ತದೆ ಎಂದು ಅವಳ ನಂಬಿಕೆ.

ತಪಾಸಣೆಗೆ ಬಂದವನು ರೀಸ್ ಮ್ಯಾಡರ್ನ್ ಎಂಬ ಕೆಂಪು ಗಡ್ಡದ ಮನುಷ್ಯ. ಬಾಗಿಲಲ್ಲೇ ಅವನ ಕೈಗೆ ಕಾಫಿ ಬಂತು, ಕುಡಿದು ಮುಗಿಸುವಷ್ಟರಲ್ಲಿ ಬಾದಾಮಿ ಬಿಸ್ಕತ್ತು ಬಂತು. ಲಂಚವೋ ಸತ್ಕಾರವೋ ತಿಳಿಯದೆ ಅವನು ಎರಡನ್ನೂ ಮುಗಿಸಿ ಹಿತ್ತಲಿಗೆ ಬಂದ. ಮೊದಲು ಬೇಲಿಯ ಪಕ್ಕದ ನಿಂಬೆ ಕುಂಡವನ್ನು ನೋಡಿದ.

“ಇದನ್ನ ಈಚೆಗೆ ಎಳೀಬೇಕು ಅಮ್ಮಾ. ಬೇಲಿ ಹತ್ರ ಕಾಲಿಟ್ಟು ಹತ್ತೋವಂಥದ್ದು ಏನೂ ಇರ್ಬಾರ್ದು. ಕುಂಡ, ಕುರ್ಚಿ, ಪೈಪು, ಏನೂ.”

“ಎಳೆದ್ರಾಯ್ತು ಬಿಡು ಮಗಾ. ಮುಂದೆ?”

ಮುಂದೆ ಗೇಟು. ಗೇಟು ಹಾರು ಹೊಡೆದಿತ್ತು. ಮುಚ್ಚಿಕೊಳ್ಳದಂತೆ ಅದಕ್ಕೊಂದು ಇಟ್ಟಿಗೆಯನ್ನು ಒತ್ತುಕೊಟ್ಟಿದ್ದರು. ಬೆರಳಿಗೆ ತರಚದಿರಲಿ ಎಂದು ನೊರೀನ್ ಆ ಇಟ್ಟಿಗೆಗೆ ಹಳದಿ ಉಣ್ಣೆಯ ಅಂಗಿ ಹೆಣೆದು ತೊಡಿಸಿದ್ದಳು. ರೀಸ್ ಅದನ್ನೇ ಬಹಳ ಹೊತ್ತು ನೋಡಿದ.

“ಇದೇನಮ್ಮಾ ಇದು?”

“ನಮ್ಮ ನೊರೀನ್‌ಗೆ ಭುಜ ಮೇಲೇಳಲ್ಲ. ಕೈಯಲ್ಲಿ ಕೋಲು ಬೇರೆ. ಅದಕ್ಕೇ ಯಾವಾಗ್ಲೂ ತೆಗೆದಿಟ್ಟಿರ್ತೀನಿ.”

“ತೆಗೆದಿಡೋ ಹಾಗಿಲ್ಲ. ಗೇಟು ತಂತಾನೇ ಮುಚ್ಕೋಬೇಕು, ತಂತಾನೇ ಚಿಲಕ ಬೀಳ್ಬೇಕು. ಚಿಲಕ ನನ್ನ ಎದೆಯಷ್ಟು ಮೇಲಿರ್ಬೇಕು. ಇನ್ನೊಂದು, ಇದು ಕೊಳದ ಕಡೆಗೆ ತೆರೀತಾ ಇದೆ. ಆ ಕಡೆಗೆ ತೆರೀಬೇಕು. ಮಗು ನೂಕಿದ್ರೆ ತೆರ್ಕೋಬಾರ್ದು.”

“ಯಾವ ಮಗು ಅಪ್ಪಾ? ನನ್ನ ಕೊನೇ ಮೊಮ್ಮಗನಿಗೆ ಗಡ್ಡ ಬಂದಿದೆ, ನಿನ್ನದಕ್ಕಿಂತ ಚೆನ್ನಾಗಿದೆ. ಆ ಕಡೆ ಇರೋರಿಬ್ರಿಗೂ ಸೇರಿಸಿದ್ರೆ ನೂರೈವತ್ತು ದಾಟುತ್ತೆ. ಇಲ್ಲಿಗೆ ಯಾವ ಮಗು ಬರುತ್ತೆ?”

“ಬರೋ ಮಗು ಫೋನ್ ಮಾಡ್ಕೊಂಡು ಬರಲ್ಲ ಅಮ್ಮಾ,” ಎಂದ ರೀಸ್. ಆಮೇಲೆ ಧ್ವನಿ ಏರಿಸದೆ, ಬೇಲಿಯ ಹಲಗೆಯನ್ನು ನೋಡುತ್ತ ಹೇಳಿದ: “ಹೋದ ವರ್ಷ ಒಂದು ಮನೆ. ಗೇಟಿಗೆ ಐಸ್ ಪೆಟ್ಟಿಗೆ ಒತ್ತು ಕೊಟ್ಟಿದ್ರು. ಹುಟ್ಟುಹಬ್ಬ, ಒಳಗಿಂದ ಸಾಮಾನು ಸಾಗಿಸ್ತಾ ಇದ್ರು, ಐದೇ ನಿಮಿಷ ಅಂತ. ಪಕ್ಕದ ಮನೆ ಮಗು. ನನ್ನನ್ನ ಅಲ್ಲಿಗೆ ಕರೆಸಿದ್ದು ಆಮೇಲೆ.”

ಎರ್ಸಿಲಿಯಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಬಗ್ಗಿ, ಹಳದಿ ಅಂಗಿಯ ಇಟ್ಟಿಗೆಯನ್ನು ತಾನೇ ಎತ್ತಿ ತೆಗೆದಳು. ಗೇಟು ಕಿರುಗುಟ್ಟುತ್ತ ಅರ್ಧಕ್ಕೆ ಬಂದು ನಿಂತಿತು.

“ತಿರುಗಿಸಿ ಹಾಕಿ. ಇಲ್ಲಾಂದ್ರೆ ಗೇಟು ತೆಗೆದು ಬೇಲೀನೇ ಪೂರ್ತಿ ಮುಚ್ಚಿ. ಎರಡರಲ್ಲಿ ಯಾವುದಾದ್ರೂ ಸರಿ. ಬೇಸಿಗೆ ಮುಗಿಯೋದ್ರೊಳಗೆ ಬರ್ತೀನಿ,” ಎಂದು ರೀಸ್ ಹೊರಟ. ಹೊರಡುವಾಗ ಅವನ ಕೈಯಲ್ಲಿ ಬದನೆಕಾಯಿಯ ಚೀಲವಿತ್ತು. ಬೇಡ ಎನ್ನುವ ಅವಕಾಶ ಅವನಿಗೆ ಸಿಕ್ಕಿರಲಿಲ್ಲ.

ತಿರುಗಿಸುವುದೇನು ಮಹಾ, ತಿರುಗಣೆ ಬಿಚ್ಚಿ ಆಚೆಗೆ ಬಡಿದರಾಯಿತು ಎಂದುಕೊಂಡರೆ, ಆಚೆ ಕ್ಲೈವನ ಒಲೆ ಇತ್ತು.

ನಮ್ಮ ಕಡೆಯ ಗಂಡಸರು ಜೀವನದಲ್ಲಿ ಒಮ್ಮೆಯಾದರೂ ಹಿತ್ತಲಲ್ಲಿ ಮಾಂಸ ಸುಡಲು ಸ್ವಂತ ಕೈಯಿಂದ ಇಟ್ಟಿಗೆ ಒಲೆ ಕಟ್ಟುತ್ತಾರೆ. ಕ್ಲೈವ್ ಕಟ್ಟಿದ್ದು ಗೇಟಿನ ಪಕ್ಕದಲ್ಲೇ, ಬೇಲಿಗೆ ಅಂಟಿಕೊಂಡು. ಹಳೆಯ ದ್ರಾಕ್ಷಿ ಗೋದಾಮು ಕೆಡವಿದಾಗ ಸಿಕ್ಕಿದ ಇಟ್ಟಿಗೆ. ಮೇಲೊಂದು ಚಿಮಣಿ, ಪಕ್ಕದಲ್ಲಿ ತಟ್ಟೆ ಇಡಲು ಕಟ್ಟೆ. ಮೊದಲ ಸಲ ಹಚ್ಚಿದ ದಿನ ಹೊಗೆ ಚಿಮಣಿಯನ್ನು ಬಿಟ್ಟು ಉಳಿದೆಲ್ಲ ದಾರಿಗಳಲ್ಲೂ ಬಂತು. ಅತಿಥಿಗಳು ಕಣ್ಣೀರು ಒರೆಸಿಕೊಳ್ಳುತ್ತ ಚೆನ್ನಾಗಿದೆ ಎಂದರು. ಅಲ್ಲಿಂದೀಚೆಗೆ ಕ್ಲೈವ್ ಅಡುಗೆ ಮಾಡುವುದು ಚಕ್ರದ ಗ್ಯಾಸ್ ಒಲೆಯಲ್ಲಿ. ಇಟ್ಟಿಗೆ ಒಲೆಯಲ್ಲಿ ನೀಲಿ ನಾಲಿಗೆಯ ಹಲ್ಲಿಯೊಂದು ವಾಸವಾಗಿದೆ. ಆದರೂ ಯಾರಾದರೂ ಮನೆಗೆ ಬಂದರೆ ಕ್ಲೈವ್ ಮೊದಲು ತೋರಿಸುವುದು ಒಲೆಯನ್ನೇ. “ನಾವೆಲ್ಲ ಹೋದ್ಮೇಲೂ ಇದು ಇರುತ್ತೆ,” ಎನ್ನುತ್ತಾನೆ.

ಗೇಟು ಆ ಕಡೆಗೆ ತೆರೆಯಬೇಕಾದರೆ ಆ ಕಟ್ಟೆ ಹೋಗಬೇಕು. ಕಟ್ಟೆ ಹೋದರೆ ಚಿಮಣಿ ನಿಲ್ಲದು.

ಮುಂದೆ ಹ್ಯಾಚರ್ಡರ ಅಡುಗೆಮನೆಯಲ್ಲಿ ನಡೆದ ಮಾತನ್ನು ಕ್ಲೈವ್ ನನಗೆ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನಲ್ಲಿ ಹೇಳಿದ. ಸುಳ್ಳು ಹೇಳುವಷ್ಟು ಮಾತುಗಾರನಲ್ಲ ಅವನು, ಆದ್ದರಿಂದ ನಂಬಬಹುದು.

“ಗೇಟು ನಮ್ಮ ಕಡೆಗೆ ತಿರುಗಿಸ್ಬೇಕಂತೆ. ಒಲೆ ಅಡ್ಡ ಬರುತ್ತೆ,” ಎಂದನಂತೆ ಕ್ಲೈವ್.

“ಒಲೆ ಪಾಡಿಗೆ ಒಲೆ ಇರ್ಲಿ ಬಿಡು.”

“ಮತ್ತೆ ನಿನ್ನ ನೀರಿನ ನಡಿಗೆ?”

“ಅಯ್ಯೋ, ಅದೇನು ಬಿಡು. ನಾನೂ ನಿಲ್ಲಿಸೋಣ ಅಂತಲೇ ಇದ್ದೆ. ಯಾರಿಗೂ ತೊಂದ್ರೆ ಬೇಡ.”

“ಸರಿ ಹಾಗಾದ್ರೆ.”

“ಸರಿ. ಟೀ ಕುಡೀತೀಯಾ?”

ಇಲ್ಲೊಂದು ಮಾತು. ನಮ್ಮ ಊರಿನ ಹಳಬರಲ್ಲಿ ಯಾರಿಗಾದರೂ ಏನಾದರೂ ಬೇಕಾದರೆ ಅವರು ಬೇಡ ಎನ್ನುತ್ತಾರೆ. ತೊಂದರೆ ತಗೋಬೇಡಿ ಎನ್ನುತ್ತಾರೆ. ಎರಡನೆಯ ಸಲ ಕೇಳಿದಾಗ, ನಿಜವಾಗ್ಲೂ ಬೇಡ ಎನ್ನುತ್ತಾರೆ. ಮೂರನೆಯ ಸಲ ಕೇಳಿದಾಗ, ನೀವು ಅಷ್ಟು ಹೇಳೋದಾದ್ರೆ ಎಂದು ತಟ್ಟೆ ಮುಂದೆ ಮಾಡುತ್ತಾರೆ. ಇದು ಎಲ್ಲರಿಗೂ ಗೊತ್ತು. ಕ್ಲೈವನಿಗೂ ಗೊತ್ತು, ಪರರ ಮನೆಯಲ್ಲಿ, ಕ್ಲಬ್ಬಿನಲ್ಲಿ ಅವನು ತಪ್ಪದೆ ಮೂರು ಸಲ ಕೇಳುವವನೇ. ಆದರೆ ಕಟ್ಟಿಕೊಂಡ ಹೆಂಡತಿಯನ್ನು ಮೂರು ಸಲ ಕೇಳುವ ಗಂಡ ಯಾವ ಊರಿನಲ್ಲಿದ್ದಾನೆ? ಅವನು ಒಂದೇ ಸಲ ಕೇಳಿದ, ಬಂದ ಉತ್ತರವನ್ನು ನಂಬಿದ.

ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ಕ್ಲೈವ್ ಒಳ್ಳೆಯವನು, ಅದೇ ತೊಂದರೆ. ಗೇಟಿನ ಗೊಡವೆಯಿಂದ ಪಾಪ ಎರ್ಸಿಲಿಯಾಳಿಗೆ ದಂಡ ಬೀಳದಿರಲಿ, ಒಂಟಿ ಹೆಂಗಸು ಬಡಗಿಯನ್ನು ಹುಡುಕಿ ಅಲೆಯದಿರಲಿ ಎಂದು, ಮಾರನೆಯ ಬೆಳಗ್ಗೆ ಒಳ್ಳೆಯ ಕೆಂಪು ಹಲಗೆ ತಂದು, ಗೇಟನ್ನು ಕಿತ್ತು, ಆ ಜಾಗವನ್ನು ಬೇಲಿಗೆ ಸೇರಿಸಿ ತಿರುಪು ಹಾಕಿ ಮುಚ್ಚಿಬಿಟ್ಟ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಲ್ಲಿ ಹಿಂದೊಂದು ಗೇಟಿತ್ತು ಎಂದು ಹೇಳಲಾಗದು. ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವುದು ಅವರ ಮನೆತನದಲ್ಲಿಲ್ಲ.

ಎರ್ಸಿಲಿಯಾ ಮಾರುಕಟ್ಟೆಯಿಂದ ಬಂದು ನೋಡಿದಾಗ ಬೇಲಿ ನೇರವಾಗಿತ್ತು. ಕೊಳದ ನೀರಿನಲ್ಲಿ ಯಾರೂ ಇರಲಿಲ್ಲ. ಅವಳು ಕೈಚೀಲ ಹಿಡಿದುಕೊಂಡೇ ಬೇಲಿಯ ಎದುರು ನಿಂತಿದ್ದಳು.

“ನೋಡಿದ್ಯಾ?” ಎಂದಳು ನನ್ನನ್ನು ಕಂಡು. “ಒಂದು ಮಾತು ಹೇಳ್ಲಿಲ್ಲ. ನಾನು ಊಟಕ್ಕೆ ಏನು ಮಾಡ್ಲಿ ಅಂತಲೂ ಅವಳನ್ನ ಕೇಳಿ ಮಾಡ್ತೀನಿ. ಅವಳು ಗೋಡೆ ಕಟ್ಟಿಸ್ತಾಳೆ, ಒಂದು ಮಾತು ಹೇಳಲ್ಲ.”

“ಕ್ಲೈವ್ ಕಟ್ಟಿರ್ಬೇಕು,” ಎಂದೆ.

“ಕ್ಲೈವ್ ಏನು, ತಾನಾಗಿ ಒಂದು ಮೊಟ್ಟೆ ಬೇಯಿಸಿದ್ದಾನಾ ಜೀವನದಲ್ಲಿ? ಅವಳು ಹೇಳಿರ್ತಾಳೆ. ನನ್ನ ಮಾತು ಜಾಸ್ತಿ ಆಗಿರ್ಬೇಕು ಅವಳಿಗೆ. ಆಗ್ಲಿ.”

ಬೇಲಿಯ ಆಚೆ ನೊರೀನ್ ಟವಲು ಹೆಗಲಿಗೆ ಹಾಕಿಕೊಂಡು ಎಂದಿನ ಹೊತ್ತಿಗೆ ಹೊರಬಂದು, ಹೊಸ ಹಲಗೆಯ ಮುಂದೆ ನಿಂತು, ಒಳಗೆ ಹೋಗಿದ್ದಳು. ಎರ್ಸಿಲಿಯಾ ಬೇಸತ್ತು ಕ್ಲೈವನ ಕೈಯಲ್ಲಿ ಮುಚ್ಚಿಸಿರಬೇಕು ಎಂದುಕೊಂಡಳು. ದಿನಾ ಬೆಳಗ್ಗೆ ಕಾಫಿ, ದಿನಾ ಬಿಸ್ಕತ್ತು, ಅವಳಿಗೂ ಸಾಕಾಗಿರುತ್ತದೆ, ಪಾಪ. ಬಾಯಿಬಿಟ್ಟು ಹೇಳಲಾಗದವಳಿಗೆ ಕಾನೂನಿನ ನೆಪ ಸಿಕ್ಕಿತು. ಇದನ್ನು ನೊರೀನ್ ನನಗೆ ಅಂಚೆ ಪೆಟ್ಟಿಗೆಯ ಬಳಿ ಹೇಳಿದಳು. ಎರ್ಸಿಲಿಯಾಳ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದಳು.

“ಅವಳು ಹಾಗೆ ಮಾಡೋಳಲ್ಲ ನೊರೀನ್,” ಎಂದೆ.

“ಇಲ್ಲ ಇಲ್ಲ, ಸರಿಯಾಗೇ ಮಾಡಿದ್ದಾಳೆ. ನೀನು ಅವಳ ಹತ್ರ ಏನೂ ಅನ್ನಬೇಡ. ನನಗೇನು, ಆರಾಮಾಗಿದ್ದೀನಿ.”

ಆದರೂ ನೊರೀನ್ ಅಂದದ್ದನ್ನು ಎರ್ಸಿಲಿಯಾಳಿಗೆ ಹೇಳಿದೆ. ಅವಳು, “ನೀನು ಒಳ್ಳೆಯವನು, ಗಾಯಕ್ಕೆ ಎಣ್ಣೆ ಹಚ್ಚೋಕೆ ಬರ್ತೀಯ,” ಎಂದು ನನಗೂ ಬದನೆಕಾಯಿ ಕೊಟ್ಟು ಕಳಿಸಿದಳು. ಬೇಡವೆಂದವಳನ್ನು ಕರೆಯಲು ಎರ್ಸಿಲಿಯಾಳ ಅಭಿಮಾನ ಒಪ್ಪದು, ಕರೆಯದವರ ಮನೆಗೆ ಹೋಗಲು ನೊರೀನಳ ಸಂಕೋಚ ಬಿಡದು. ಇಬ್ಬರಿಗೂ ನನ್ನ ಮಾತು ಬರೀ ಸೌಜನ್ಯವಾಗಿ ಕೇಳಿಸಿತು.

ಜನವರಿಯ ಕೊನೆಯಲ್ಲಿ ಟೊಮ್ಯಾಟೊ ಬಂತು. ಎರ್ಸಿಲಿಯಾಳ ಮನೆಯಲ್ಲಿ ವರ್ಷಕ್ಕಾಗುವಷ್ಟು ಪಾಸ್ತಾ ಸಾರಿಗೆಂದು ಟೊಮ್ಯಾಟೊ ರಸ ತೆಗೆದು ಬಾಟಲಿ ತುಂಬುವ ದಿನವೆಂದರೆ ಮದುವೆಯ ದಿನವಿದ್ದಂತೆ. ಕಾರ್ಮೆಲೊ ಹೋದ ಮೇಲೆ ಬಾಟಲಿ ತೊಳೆಯುವುದು ನೊರೀನಳ ಕೆಲಸ, ಯಂತ್ರದ ಹಿಡಿ ತಿರುಗಿಸುವುದು ನನ್ನದು. ಈ ಸಲ ನಾನು ತಿರುಗಿಸಿದೆ, ಬಾಟಲಿಯನ್ನು ಎರ್ಸಿಲಿಯಾಳೇ ತೊಳೆದಳು. ಎರ್ಸಿಲಿಯಾ ಮಾತಾಡದ ಹಿತ್ತಲಲ್ಲಿ ಹಕ್ಕಿಗಳಿಗೂ ಇರುಸುಮುರುಸಾದಂತಿತ್ತು. ಮಧ್ಯಾಹ್ನ ಬೇಲಿಯಾಚೆಯಿಂದ ಒಂದು ಸದ್ದು ಕೇಳಿಸಿತು. ಟಕ್, ಎಳೆತ, ಟಕ್, ಎಳೆತ. ಎರ್ಸಿಲಿಯಾ ಬಾಟಲಿ ಹಿಡಿದವಳು ಹಾಗೆಯೇ ನಿಂತಳು.

“ಅದು ಕೋಲಿನ ಸದ್ದಲ್ಲ,” ಎಂದಳು.

ಅಲ್ಲ. ನೊರೀನ್ ಮತ್ತೆ ಚೌಕಟ್ಟು ಹಿಡಿದು ನಡೆಯುತ್ತಿದ್ದಳು. ಕಾಲು ಬಿಗಿಯತೊಡಗಿತ್ತು. ಹಿಂದಿನ ಭಾನುವಾರ ಜನೆಲ್ ಬಂದು ವೃದ್ಧರ ವಸತಿಯ ಬಣ್ಣದ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಹೋಗಿದ್ದಳು ಎಂದು ಕ್ಲೈವ್ ಹೇಳಿದ್ದ. ನಾನದನ್ನು ಎರ್ಸಿಲಿಯಾಳಿಗೆ ಹೇಳಿದೆ. ಅವಳು ತೊಳೆದ ಬಾಟಲಿಯನ್ನೇ ಮತ್ತೆ ತೊಳೆದಳು.

“ನನ್ನ ಕೊಳದಲ್ಲಿ ನೀರು ಇರೋದು ಯಾರಿಗೆ ಅಂದ್ಕೊಂಡಿದ್ದಾಳೆ ಅವಳು?” ಎಂದಳು ಕೊನೆಗೆ.

“ಕೇಳು ಹೋಗಿ.”

“ಅವಳು ಮುಚ್ಚಿಸಿದ್ದು. ಅವಳು ಬರ್ಲಿ.”

ಎರಡು ವಾರ ಹೀಗೇ ಹೋಯಿತು. ನೆಟ್ಟಗೆ ನಿಂತಿದ್ದದ್ದು ಬೇಲಿಯೊಂದೇ.

ರೀಸ್ ಮತ್ತೆ ಬಂದ ದಿನ ಬಿಸಿಲು ಎಷ್ಟಿತ್ತೆಂದರೆ ದ್ರಾಕ್ಷಿ ಬಳ್ಳಿಯಲ್ಲೇ ಒಣಗುತ್ತಿತ್ತು. ಅವನು ನಿಂಬೆ ಕುಂಡ ಸರಿದದ್ದನ್ನು ನೋಡಿದ, ಬೇಲಿಯನ್ನು ತಟ್ಟಿದ, ಹೊಸ ಹಲಗೆಯ ಮೇಲೆ ಅಂಗೈ ಸವರಿದ.

“ಭಾರಿ ಕೆಲಸ. ಯಾರು ಮಾಡಿದ್ದು ಇದನ್ನ?”

“ನನ್ನ ಗೆಳತಿ ಮಾಡಿಸಿದ್ದು,” ಎಂದಳು ಎರ್ಸಿಲಿಯಾ, ಗೆಳತಿ ಎಂಬ ಪದವನ್ನು ಎರಡು ಬೆರಳಲ್ಲಿ ಎತ್ತಿ ದೂರ ಹಿಡಿದವಳ ಹಾಗೆ.

“ಹಾಗಾದ್ರೆ ಮುಗೀತು ಅಮ್ಮಾ. ಇವತ್ತೇ ಪ್ರಮಾಣಪತ್ರ ಬರ್ಕೊಡ್ತೀನಿ. ಇನ್ನು ನಿಮಗೆ ಯೋಚ್ನೆ ಇಲ್ಲ. ಅಂದ ಹಾಗೆ, ಆ ಭುಜ ಏಳದ ಅಜ್ಜಿ ಈಗ ಯಾವ ಕಡೆಯಿಂದ ಬರ್ತಾರೆ?”

ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ. ಹೋದ ಸಲದ ಮಾತು ನೆನಪಿಟ್ಟುಕೊಂಡು ಕೇಳಿದ, ಅಷ್ಟೆ. ಎರ್ಸಿಲಿಯಾ ಅವನನ್ನು ನೋಡಿದಳು, ಬೇಲಿಯನ್ನು ನೋಡಿದಳು. ಆಮೇಲೆ ದಡದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬೇಲಿಗೆ ಹಾಕಿ, ಎಪ್ಪತ್ತಾರು ವರ್ಷದ ಹೆಂಗಸು, ಅದರ ಮೇಲೆ ಹತ್ತಿ ನಿಂತಳು.

“ಅಮ್ಮಾ, ಕುರ್ಚಿ! ಬೇಲಿ ಹತ್ರ ಕುರ್ಚಿ ಇಡೋ ಹಾಗಿಲ್ಲ!” ಎಂದ ರೀಸ್.

“ನಾನು ಮಗು ಅಲ್ಲ, ಸುಮ್ನಿರು. ಕ್ಲೈವ್! ಏ ಕ್ಲೈವ್!”

ಕ್ಲೈವ್ ಟೊಪ್ಪಿ ಸರಿಮಾಡಿಕೊಳ್ಳುತ್ತ ಒಲೆಯ ಪಕ್ಕಕ್ಕೆ ಬಂದಿರಬೇಕು. ನಾನು ರೀಸ್‌ನ ಪಕ್ಕದಲ್ಲಿ ನಿಂತು ಕುರ್ಚಿಯ ಕಾಲು ಹಿಡಿದುಕೊಂಡಿದ್ದೆ. ಆ ಕಡೆಯದು ನನಗೆ ಧ್ವನಿಯಾಗಿಯೇ ತಲುಪಿತು.

“ಏನು ಎರ್ಸಿಲಿಯಾ, ಚೆನ್ನಾಗಿದ್ದೀಯಾ?”

“ಚೆನ್ನಾಗಿಲ್ಲ! ಗೇಟು ಯಾಕೆ ಮುಚ್ಚಿದ್ಯೋ?”

“ನಿನಗೆ ದಂಡ ಬೀಳ್ಬಾರ್ದು ಅಂತ. ನೊರೀನ್‌ಗೂ ಬೇಡ್ವಂತೆ.”

“ಬೇಡ ಅಂದ್ಳಾ?”

“ಅಂದ್ಳಪ್ಪ. ನಿಲ್ಲಿಸೋಣ ಅಂತಿದ್ದೆ ಅಂದ್ಳು.”

“ಎಷ್ಟು ವರ್ಷ ಆಯ್ತೋ ನಿನಗೆ ಅವಳನ್ನ ಕಟ್ಕೊಂಡು? ಬೇಕು ಅಂತ ಅವಳು ಯಾವತ್ತಾದ್ರೂ ಬಾಯಿಬಿಟ್ಟು ಅಂದಿದ್ದು ಕೇಳಿದ್ದೀಯಾ? ಒಂದೇ ಒಂದು ಸಲ? ನಿನ್ನನ್ನ ಮದುವೆ ಆಗೋವಾಗಾದ್ರೂ ಅಂದಿದ್ಳಾ?”

ಕ್ಲೈವ್ ಯೋಚಿಸಿದ. ಅವನು ಯೋಚಿಸುತ್ತಿದ್ದಾನೆಂಬುದು ಬೇಲಿಯ ಈಚೆಗೂ ಗೊತ್ತಾಗುವಷ್ಟು ಹೊತ್ತು ಯೋಚಿಸಿದ.

“ಪರವಾಗಿಲ್ಲ ಅಂದಿದ್ಳು,” ಎಂದ.

ಅಷ್ಟರಲ್ಲಿ ಟಕ್, ಎಳೆತ, ಟಕ್, ಎಳೆತ.

“ಏನು ಗಲಾಟೆ ಕ್ಲೈವ್? ಅಯ್ಯೋ ಎರ್ಸಿಲಿಯಾ, ಇಳಿ, ಬಿದ್ದುಬಿಡ್ತೀಯ! ನನಗೋಸ್ಕರ ಇದೆಲ್ಲ ಯಾಕೆ? ನಾನು ಆರಾಮಾಗಿದ್ದೀನಿ.”

“ಆರಾಮು ನನಗೆ ಇಲ್ಲಿಂದ ಕಾಣಿಸ್ತಾ ಇದೆ. ಆ ಚೌಕಟ್ಟೂ ಕಾಣಿಸ್ತಾ ಇದೆ. ನನಗೆ ಬೇಜಾರಾಗಿದೆ ಅಂತ ಯಾರು ಹೇಳಿದ್ದೆ ನಿನಗೆ?”

“ಯಾರೂ ಹೇಳ್ಲಿಲ್ಲ. ನಾನೇ ಅಂದ್ಕೊಂಡೆ. ದಿನಾ ಬಂದು ನಿನ್ನ ಬೆಳಗ್ಗೆ ಎಲ್ಲ ತಿಂದ್ಹಾಕ್ತಿದ್ನಲ್ಲ…”

“ನನ್ನ ಬೆಳಗ್ಗೆಯಲ್ಲಿ ನಿನ್ನ ಬಿಟ್ಟು ಇನ್ನೇನೆ ಇದೆ?” ಎಂದಳು ಎರ್ಸಿಲಿಯಾ. ಈ ಮಾತು ಹೇಳುವಾಗ ಅವಳು ಕೂಗಲಿಲ್ಲ. ಕುರ್ಚಿ ಸ್ವಲ್ಪ ನಡುಗಿತು. ರೀಸ್ ಕೂಡ ಬಗ್ಗಿ ಇನ್ನೊಂದು ಕಾಲು ಹಿಡಿದುಕೊಂಡ.

“ಈಗ ಕೇಳ್ತೀನಿ, ನೆಟ್ಟಗೆ ಹೇಳು. ನಿನಗೆ ಗೇಟು ಬೇಕೋ ಬೇಡ್ವೋ?”

“ಯಾರಿಗೂ ತೊಂದ್ರೆ ಆಗಲ್ಲ ಅಂದ್ರೆ…”

“ತೊಂದ್ರೆ ಆಗುತ್ತೆ! ಒಲೆ ಕೆಡವ್ಬೇಕು, ದುಡ್ಡು ಖರ್ಚಾಗುತ್ತೆ, ಕ್ಲೈವ್ ಮುಖ ಊದಿಸ್ಕೋತಾನೆ. ಬೇಕೋ ಬೇಡ್ವೋ?”

ಎಲ್ಲೋ ಒಂದು ಹವಾನಿಯಂತ್ರಕ ಗುಂಯ್‌ಗುಟ್ಟುತ್ತಿತ್ತು. ಒಂದು ಬೇಕು ಎನ್ನುವುದಕ್ಕೆ ಮನುಷ್ಯರು ಇಷ್ಟು ಕಷ್ಟಪಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

“ಬೇಕು,” ಎಂದಳು ನೊರೀನ್. ಆಮೇಲೆ ಇನ್ನೊಂದಿಷ್ಟು ಸೇರಿಸಿದಳು: “ಅಡಿಲೇಡಿಗೆ ಹೋಗೋಕೆ ನನಗೆ ಇಷ್ಟ ಇಲ್ಲ ಕ್ಲೈವ್. ಒಂದು ಚೂರೂ ಇಷ್ಟ ಇಲ್ಲ.”

“ಮೊದ್ಲೇ ಹೇಳೋದಲ್ವಾ ಮಾರಾಯ್ತಿ,” ಎಂದ ಕ್ಲೈವ್.

ಅವನ ಹೆಜ್ಜೆ ದೂರ ಹೋಗಿ ಶೆಡ್ಡಿನ ಬಾಗಿಲು ತೆರೆದ ಸದ್ದು ಬಂತು. ನಾವು ಕುರ್ಚಿಯಿಂದ ಎರ್ಸಿಲಿಯಾಳನ್ನು ಇಳಿಸಿದೆವು. ಇಳಿದವಳೇ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು ರೀಸ್‌ನ ಕಡೆ ತಿರುಗಿದಳು.

“ಆ ಪ್ರಮಾಣಪತ್ರ ನೀನೇ ಇಟ್ಕೋ ಮಗಾ. ನನಗೆ ಬೇಡ. ಗೇಟು ಹಾಕಿದ್ಮೇಲೆ ಇನ್ನೊಂದು ಸಲ ಬಾ.”

“ಇನ್ನೊಂದು ಸಲ ಬಂದ್ರೆ ಇನ್ನೊಂದು ತಪಾಸಣೆ ಅಮ್ಮಾ, ಅದರ ಶುಲ್ಕ…”

“ಶುಲ್ಕ ಕೊಡ್ತೀನಿ. ಕೂತ್ಕೋ, ಊಟ ಮಾಡು.”

ಅವನು ಕೂತ. ನಾವು ಊಟ ಮಾಡುತ್ತಿದ್ದಾಗ ಆಚೆ ಸುತ್ತಿಗೆಯ ಪೆಟ್ಟು ಬಿತ್ತು. ಒಂದೇ ಪೆಟ್ಟು. ಅದರ ಹಿಂದೆಯೇ ಇಟ್ಟಿಗೆ ಉರುಳಿದ ದೊಡ್ಡ ಸದ್ದು, ಅದರ ಹಿಂದೆ ಕ್ಲೈವನ ಉದ್ಗಾರ. ಓಡಿಹೋಗಿ ಬೇಲಿಯ ಸಂದಿಯಲ್ಲಿ ನೋಡಿದೆ. ಯುಗಯುಗಾಂತರ ನಿಲ್ಲಬೇಕಾಗಿದ್ದ ಒಲೆ ಕಟ್ಟೆಯಿಂದ ಚಿಮಣಿಯವರೆಗೆ ಒಟ್ಟಿಗೆ ಮಲಗಿತ್ತು. ಅಂದು ಗಾರೆ ಕಲೆಸುವಾಗ ಸಿಮೆಂಟು ಕಡಿಮೆಯಾಗಿತ್ತೋ ಬಿಯರು ಜಾಸ್ತಿಯಾಗಿತ್ತೋ, ಇಟ್ಟಿಗೆಗಳು ಒಂದಕ್ಕೊಂದು ಅಂಟಿರಲೇ ಇಲ್ಲ. ಇಷ್ಟು ವರ್ಷ ಬರೀ ಅಭ್ಯಾಸಬಲದಿಂದ ನಿಂತಿದ್ದವು. ಕ್ಲೈವ್ ಸುತ್ತಿಗೆ ಕೆಳಗಿಟ್ಟು, ಧೂಳಿನಲ್ಲಿ ನಾಲಿಗೆ ಹೊರಚಾಚಿ ನಿಂತಿದ್ದ ಹಲ್ಲಿಯನ್ನು ಬಕೆಟ್ಟಿನಲ್ಲಿ ಎತ್ತಿಕೊಂಡು ಗುಲಾಬಿ ಗಿಡಗಳ ಕಡೆಗೆ ನಡೆದ.

“ಹೇಗೂ ಅದು ಸರಿಯಾಗಿ ಹೊಗೆ ಎಳೀತಿರ್ಲಿಲ್ಲ,” ಎಂದ, ನನ್ನ ಕಡೆ ನೋಡದೆ.

ಹೊಸ ಗೇಟಿಗೆ ಕಾನೂನಿನ ಪ್ರಕಾರ ಚಿಲಕ ಮೇಲೆ ಕೂತಿತು. ನೊರೀನಳ ಕೈಗೆ ಅದು ಎಟುಕುವುದಿಲ್ಲ. ಎಟುಕುವಂತೆ ಮಾಡಲು ದಾರಿಯಿದೆಯೇ ಎಂದು ಎರ್ಸಿಲಿಯಾ ಕೇಳಿದಾಗ ರೀಸ್ ಇಲ್ಲವೆಂದ. ಮಗುವಿಗೆ ಎಟುಕದ್ದು ನೊರೀನ್‌ಗೂ ಎಟುಕದು, ಅಳತೆಗೆ ಅಜ್ಜಿ ಯಾರು, ಮೊಮ್ಮಗು ಯಾರು ಎಂದು ತಿಳಿಯದು ಎಂದ. ಎರ್ಸಿಲಿಯಾ ಈ ಸಲ ವಾದಿಸಲಿಲ್ಲ. ಬೆಳಗ್ಗೆ ನೊರೀನ್ ಹಲಗೆ ತಟ್ಟುತ್ತಾಳೆ. ಎರ್ಸಿಲಿಯಾ ಬಂದು ಚಿಲಕ ಎತ್ತಿ, ಗೇಟನ್ನು ಆಚೆಗೆ ನೂಕಿ ಹಿಡಿಯುತ್ತಾಳೆ. ನೊರೀನ್ ಒಳಗೆ ಬಂದ ಮೇಲೆ ಬಿಡುತ್ತಾಳೆ. ಗೇಟು ತಂತಾನೇ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿ ಚಿಲಕ ಬೀಳುವ ಸದ್ದು ಕೇಳುವವರೆಗೆ ಇಬ್ಬರೂ ಅಲ್ಲಿಂದ ಕದಲುವುದಿಲ್ಲ.

ಮಾರ್ಚ್ ಮೊದಲ ವಾರ ರೀಸ್ ಬಂದು ನೋಡಿ ಪ್ರಮಾಣಪತ್ರ ಕೊಟ್ಟ. ಈಸ್ಟರಿಗೆ ಬಂದ ಜನೆಲ್‌ಳ ಎದುರು ನೊರೀನ್ ಕೋಲಿಲ್ಲದೆ ಅಡುಗೆಮನೆಯಿಂದ ಅಂಗಳದವರೆಗೆ ನಡೆದಳು. ಮನೆ ಮಾರುವ ಮಾತನ್ನು ಮುಂದಿನ ವರ್ಷಕ್ಕೆ ಹಾಕಿದ್ದಾರೆ. ನೊರೀನ್ ಕಾರು ಓಡಿಸಲು ಮಾತ್ರ ಡಾಕ್ಟರು ಇನ್ನೂ ಒಪ್ಪಿಲ್ಲ.